ವಿಜೇತಾಳ ಆರ್ಥೋ ಸೀಟು

ನೀಟ್ ಫಲಿತಾಂಶ ಬಂದ ಮಾರನೆಯ ದಿನ, ಕುಂದಾಪುರದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪ್ರವೀಣ್ ಸರ್ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಯಾರಿಗೆ ಎಲ್ಲಿ ಯಾವ ಸೀಟು ಸಿಗಬಹುದು ಎಂದು ಹೇಳುತ್ತಿದ್ದರು. ಗುಲ್ವಾಡಿಯ ವಿಜೇತಾ ದೇವಾಡಿಗಳ ಸರದಿ ಬಂದಾಗ ಅವರ ಮುಖ ಅರಳಿತು. ಸೀಟು ಹಂಚಿಕೆಯ ಕೊನೆಯ ಸುತ್ತಿನವರೆಗೆ ತಾಳ್ಮೆಯಿಂದ ಕಾದರೆ ದೂರದ ಯಾವುದಾದರೂ ಹೊಸ ಸರ್ಕಾರಿ ಕಾಲೇಜಿನಲ್ಲಿ ಈ ಹುಡುಗಿಗೆ ಎಂಬಿಬಿಎಸ್ ಸಿಕ್ಕರೂ ಸಿಕ್ಕೀತು. ಆ ವರ್ಷ ಅಂಥ ಆಸೆ ಇದ್ದವರು ಕಾಲೇಜಿಗೆ ಅವಳೊಬ್ಬಳೇ.

"ಸರ್, ನಂಗೆ ಡೆಂಟಲ್ ಸಾಕ್," ಅಂದಳು ವಿಜೇತಾ.

"ಅದ್ ಹ್ಯಾಂಗೂ ಇತ್ತಲೆ. ಎಂಬಿಬಿಎಸ್ ಸಿಗ್ದಿರೆ ಅದ್."

"ಹಾಂಗಲ್ಲ ಸರ್. ಎಂಬಿಬಿಎಸ್ ಸಿಕ್ರೂ ನಂಗೆ ಡೆಂಟಲ್ಲೇ ಬೇಕ್. ಪಟ್ಟಿಯಂಗೆ ಮೇಲ್ಗಡೆ ಅದನ್ನೇ ಬರಿತೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರವೀಣ್ ಸರ್ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಎಂಬಿಬಿಎಸ್ ತಪ್ಪಿದವರು ಹಲ್ಲಿನ ಕಡೆಗೆ ಹೋಗುವುದನ್ನು ಅವರು ವರ್ಷ ವರ್ಷವೂ ನೋಡಿದ್ದರು. ಹಲ್ಲನ್ನೇ ಮೊದಲು ಕೇಳಿದ ಮಗುವನ್ನು ನೋಡಿರಲಿಲ್ಲ. "ಮನೆಗ್ ಹೋಯಿ ಅಪ್ಪ ಅಮ್ಮನ ಹತ್ರ ಮಾತಾಡ್ಕಂಡ್ ಬಾ," ಎಂದಷ್ಟೇ ಹೇಳಿದರು.

ಮನೆಯಲ್ಲಿ ಮಾತಾಡಲು ಹೆಚ್ಚೇನೂ ಉಳಿದಿರಲಿಲ್ಲ. ಆ ಮನೆಯಲ್ಲಿ ಹಲ್ಲಿನ ಮಾತು ಶುರುವಾದದ್ದು ವಿಜೇತಾಳ ತಮ್ಮ ಕೀರ್ತನ್ ಹುಟ್ಟಿದಾಗ.

ಅವನು ಹುಟ್ಟುವಾಗಲೇ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಬಾಯೊಳಗಿನ ಅಂಗುಳವೂ ಎರಡು ಪಾಲಾಗಿತ್ತು. ಮೊಲೆ ಕೊಟ್ಟರೆ ಹಾಲು ಮೂಗಿನಿಂದ ಇಳಿಯುತ್ತಿತ್ತು. ತಾಯಿ ಜಲಜ ಗ್ರಹಣದ ದಿನ ಬಸಳೆ ಕೊಯ್ದದ್ದೇ ಇದಕ್ಕೆ ಕಾರಣ ಎಂದು ನೆಂಟರಲ್ಲಿ ಮಾತಾಯಿತು. ಜಲಜ ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಗುಲ್ವಾಡಿಗೆ ಬಂದವಳು. ಯಾರ ಬಾಯಿಗೂ ಹೆದರುವವಳಲ್ಲ. "ಗ್ರಹಣದ್ ದಿನ ಊರಂಗೆ ಎಷ್ಟ್ ಜನ ಬಸಳೆ ಕೊಯ್ದಿರ್. ಎಲ್ರ ಮನೆಯಂಗೂ ಹೀಂಗೇ ಆಯ್ಕಿತ್ತಲೆ," ಎಂದು ಒಮ್ಮೆ ಗಟ್ಟಿಯಾಗಿ ಹೇಳಿದ ಮೇಲೆ ಆ ಮಾತು ಅವಳ ಎದುರಿಗಾದರೂ ನಿಂತಿತು.

ಕೂಸಿದ್ದಾಗಲೇ ಮಂಗಳೂರಿನ ಆಸ್ಪತ್ರೆಯಲ್ಲಿ ತುಟಿ ಹೊಲಿದರು, ಆಮೇಲೆ ಅಂಗುಳ ಮುಚ್ಚಿದರು. ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡವರಿಗೆ ಅದು ಶುರುವಾದದ್ದು ಮಾತ್ರ ಎಂದು ತಿಳಿಯಲು ವರ್ಷಗಳು ಬೇಕಾದವು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರತೊಡಗಿದಾಗ ಮೇಲಿನ ಸಾಲು ಕುಸಿದ ಗೋಡೆಯ ಹಾಗೆ ಒಳಗೆ ವಾಲಿತು. ಒಂದು ಹಲ್ಲು ಅಡ್ಡ ತಿರುಗಿ ಬಂತು, ಒಂದು ಬರಲೇ ಇಲ್ಲ. ಅದನ್ನು ಸರಿಪಡಿಸಲು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಬೇಕಾಯಿತು. ಜಲಜ ಗೇರುಬೀಜ ಕಾರ್ಖಾನೆಗೆ ಹೋಗುವವಳು, ಬೇಕೆಂದಾಗ ರಜೆ ಇಲ್ಲ. ತಂದೆ ಚಂದಯ್ಯ ದೇವಸ್ಥಾನಗಳಲ್ಲಿ, ಮದುವೆಮನೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವನು. ಮಳೆಗಾಲದಲ್ಲಾದರೆ ಅವನು ಮಗನನ್ನು ಕರೆದುಕೊಂಡು ಹೋಗುತ್ತಿದ್ದ. ಮದುವೆಯ ದಿನಗಳಲ್ಲಿ ಆ ಕೆಲಸ ಹೈಸ್ಕೂಲಿನ ವಿಜೇತಾಳ ಪಾಲಿಗೆ ಬಂತು. ತಮ್ಮನ ಕೈ ಹಿಡಿದುಕೊಂಡು ಕುಂದಾಪುರದಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಕುಂಭಾಶಿ, ಕೋಟ, ಬ್ರಹ್ಮಾವರ ದಾಟಿ ಉಡುಪಿ ಬರುವಷ್ಟರಲ್ಲಿ ಅವನು ಅವಳ ಹೆಗಲ ಮೇಲೆ ನಿದ್ದೆ ಹೋಗಿರುತ್ತಿದ್ದ.

ಆಸ್ಪತ್ರೆಯಲ್ಲಿ ಅವನ ಹಲ್ಲಿಗೆ ತಂತಿ ಕಟ್ಟುತ್ತಿದ್ದವರು ಡಾಕ್ಟರ್ ವಿನಯಾ. ಮಾತು ಕಡಿಮೆ, ಕೈ ಬಹಳ ಹಗುರ. ಕೀರ್ತನ್ ಅತ್ತರೆ ಸಮಾಧಾನ ಮಾಡುತ್ತಿರಲಿಲ್ಲ. ಅಳು ನಿಲ್ಲುವವರೆಗೆ ಕೈ ಹಿಂದೆ ತೆಗೆದು ಕಾಯುತ್ತಿದ್ದರು, ಅಷ್ಟೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ವಿಜೇತಾಳಿಗೆ ಒಂದು ವಿಷಯ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಮೇಡಂ, ಹಲ್ಲು ಮೂಳೆಯೊಳಗೆ ಹುಗಿದು ಕೂತಿರ್ತದಲ್ಲ. ಈ ಸಪೂರ ತಂತಿಗೆ ಅದು ಹೇಗೆ ಸರಿಯುವುದು?"

ವಿನಯಾ ಮೊದಲ ಬಾರಿ ಅವಳನ್ನು ಸರಿಯಾಗಿ ನೋಡಿದರು. "ಒಂದು ಕಡೆಯಿಂದ ಮೆಲ್ಲ ಒತ್ತಿದರೆ ಹಲ್ಲಿನ ಮುಂದಿನ ಮೂಳೆ ಕರಗ್ತಾ ಹೋಗ್ತದೆ, ಹಿಂದೆ ಹೊಸ ಮೂಳೆ ಬೆಳೀತಾ ಬರ್ತದೆ. ಅವಸರ ಮಾಡಿ ಜೋರು ಒತ್ತಿದರೆ ಅದು ಹಟ ಹಿಡಿದ ಹಾಗೆ ನಿಲ್ತದೆ. ಬೇರು ಹಾಳಾಗ್ತದೆ. ಇದು ಪೂರಾ ಮೆಲ್ಲ ಮಾಡುವ ಕೆಲಸ."

"ಇದನ್ನು ಕಲಿಯುವುದು ಎಲ್ಲಿ?"

"ಮೊದಲು ಬಿಡಿಎಸ್. ಅದಾದ ಮೇಲೆ ಎಂಡಿಎಸ್, ಆರ್ಥೊಡಾಂಟಿಕ್ಸ್ ಅಂತ. ಸೀಟು ಸಿಗುವುದು ಕಷ್ಟ."

ಹಿಂದಿರುಗುವ ಬಸ್ಸಿನಲ್ಲಿ ವಿಜೇತಾ ಆರ್ಥೊಡಾಂಟಿಕ್ಸ್ ಎಂಬ ಆ ಶಬ್ದವನ್ನು ತಪ್ಪಿ ಹೋಗದಂತೆ ಬಾಯಲ್ಲೇ ಹೇಳಿಕೊಳ್ಳುತ್ತ ಬಂದಳು. ಪಿಯು ಮುಗಿಯುವವರೆಗೂ ಅವಳು ಅದನ್ನು ಯಾರಿಗೂ ವಿವರಿಸಲಿಲ್ಲ. ಆದರೂ ಪ್ರವೀಣ್ ಸರ್ ಹೇಳಿದಂತೆ ಮನೆಗೆ ಹೋಗಿ ಕೇಳಿದಾಗ ಚಂದಯ್ಯ ಒಂದೇ ಪ್ರಶ್ನೆ ಹಾಕಿದ: "ಕೀರ್ತನಂಗೆ ಮಾಡ್ತ್ರಲೆ, ಆ ಕೆಲ್ಸವಾ?" ಹೌದು ಅಂದಳು. "ಹಾಂಗಾರೆ ಅದೇ ಬರಿ," ಅಂದ.

ಮಂಗಳೂರಿನ ಒಂದು ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಬಿಡಿಎಸ್ ಸೀಟು ಸಿಕ್ಕಿತು. ನೆಂಟರು ಸಿಕ್ಕಲ್ಲೆಲ್ಲ "ಎಂಬಿಬಿಎಸ್ ಸಿಗ್ಲಿಲ್ಯಾ ಮಗಾ?" ಎಂದು ಕನಿಕರದಿಂದ ಕೇಳುತ್ತಿದ್ದರು. ಮೊದಮೊದಲು ವಿಜೇತಾ ವಿವರಿಸುತ್ತಿದ್ದಳು. ಆಮೇಲೆ "ಇಲ್ಲೆ, ಸಿಗ್ಲಿಲ್ಲೆ" ಎಂದು ಸುಮ್ಮನಾಗುವುದನ್ನು ಕಲಿತಳು. ಹಾಗೆ ಹೇಳಿದರೆ ಮಾತು ಬೇಗ ಮುಗಿಯುತ್ತಿತ್ತು.

ಕಾಲೇಜಿನಲ್ಲಿ ಅವಳಿಗೊಂದು ಪೆಟ್ಟು ಕಾದಿತ್ತು. ಯಾವ ವಿದ್ಯೆಗಾಗಿ ಬಂದಿದ್ದಳೋ ಅದರಲ್ಲೇ ಅವಳ ಕೈ ಓಡಲಿಲ್ಲ. ಆರ್ಥೋ ವಿಭಾಗದಲ್ಲಿ ಮೊದಲು ಕಲಿಸುವುದು ತಂತಿ ಬಾಗಿಸುವುದನ್ನು. ಗಟ್ಟಿ ಉಕ್ಕಿನ ಸಪೂರ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ದವಡೆಹಲ್ಲಿಗೆ ಕಚ್ಚಿಕೊಳ್ಳುವ ಚಿಕ್ಕದೊಂದು ಕೊಂಡಿ ಮಾಡಬೇಕು. ಒಂದು ಕೂದಲೆಳೆಯಷ್ಟು ಹೆಚ್ಚು ಬಾಗಿದರೂ ಕೂರುವುದಿಲ್ಲ. ತಿದ್ದಲು ಹೋದರೆ ಮುರಿಯುತ್ತದೆ. ಜೊತೆಯವರೆಲ್ಲ ಒಪ್ಪಿಗೆ ಪಡೆದು ಮುಂದೆ ಹೋದರು. ವಿಜೇತಾಳ ಕೊಂಡಿಯನ್ನು ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ ಕಸದ ಬುಟ್ಟಿಗೆ ಹಾಕಿದರು. ಮತ್ತೊಂದು ತಂದಳು, ಅದನ್ನೂ ಹಾಕಿದರು.

ರಜೆಗೆ ಊರಿಗೆ ಹೊರಟಾಗ ಅವಳ ಬ್ಯಾಗಿನಲ್ಲಿ ಇಕ್ಕಳವೂ ತಂತಿಯ ಸುರುಳಿಯೂ ಇದ್ದವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಾಗಿಸುತ್ತಿದ್ದಳು. ಕಂಡಕ್ಟರ್ ನೋಡಿ, "ಎಂತ ಅದ್, ಮೀನಿನ ಗಾಳವಾ?" ಎಂದು ಕೇಳಿದ. "ಹೌದ್, ದೊಡ್ಡ್ ಮೀನಿಂದೇ," ಅಂದಳು. ಮನೆಯ ಜಗಲಿಯಲ್ಲಿ, ಹೊಳೆಯ ದಂಡೆಯಲ್ಲಿ, ತಂದೆಯ ಜೊತೆ ಮದುವೆಗೆ ಹೋದರೆ ಊಟದ ಪಂಕ್ತಿಗೆ ಕಾಯುವಾಗ ಅದೇ ಕೆಲಸ. ಬೆರಳ ತುದಿ ಒಡೆದು ಗಟ್ಟಿಯಾಯಿತು. ರಜೆ ಮುಗಿಸಿ ಹೋದ ಮೇಲೆ ಒಂದು ದಿನ ಮೇಷ್ಟ್ರು ಅವಳ ಕೊಂಡಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಚ್ಚಿನ ಹಲ್ಲಿಗೆ ಕೂರಿಸಿ ನೋಡಿ, "ಮುಂದಿನದು ಮಾಡಿ," ಎಂದರು. ಹೊಗಳಿಕೆ ಅಷ್ಟೆ. ಅವಳಿಗೆ ಅದು ಸಾಕಾಗಿತ್ತು.

ಆಮೇಲೆ ಕೀರ್ತನ್ ಚಿಕಿತ್ಸೆ ಬಿಟ್ಟ.

ವಿಜೇತಾ ಆಗ ಬಿಡಿಎಸ್‌ನ ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದಳು. ಅವನು ಐಟಿಐ ಸೇರಿದ್ದ. ಒಸಡಿಗೆ ಸೊಂಟದ ಮೂಳೆ ತೆಗೆದು ತುಂಬುವ ಶಸ್ತ್ರಚಿಕಿತ್ಸೆ ಮುಗಿದು, ಹಲ್ಲು ಸಾಲಿಗೆ ಬರುವ ಕೊನೆಯ ಹಂತ ನಡೆಯುತ್ತಿತ್ತು. ಎರಡು ತಿಂಗಳಿಂದ ಅವನು ಬಂದಿಲ್ಲ ಎಂದು ವಿನಯಾ ಹೇಳಿದಾಗ ಅವಳಿಗೆ ನಂಬಿಕೆಯಾಗಲಿಲ್ಲ. ಆ ಭಾನುವಾರ ಊರಿಗೆ ಬಂದು ನೋಡಿದರೆ ಹಲ್ಲಿನ ಮೇಲೆ ತಂತಿಯೇ ಇರಲಿಲ್ಲ. ಯಾವುದೋ ಕ್ಲಿನಿಕ್ಕಿಗೆ ಹೋಗಿ ತಾನೇ ಹೇಳಿ ತೆಗೆಸಿಕೊಂಡು ಬಂದಿದ್ದ.

"ಇನ್ನೊಂದ್ ವರ್ಷ ಇತ್ತ್, ಅಷ್ಟೇ," ಅಂದಳು ವಿಜೇತಾ.

"ಅಷ್ಟೇ ಅಲ್ಲ ಅಕ್ಕ. ಹುಟ್ದಲ್ಲಿಂದ ಯಾರಾರೊಬ್ರ್ ನನ್ ಬಾಯೊಳಗೆ ಕೈ ಹಾಕ್ತಾನೇ ಇದ್ರ್. ನಂಗೆ ಸಾಕಾಯ್ತ್."

"ಇಷ್ಟ್ ವರ್ಷ ಮಾಡ್ದ್ ಹಾಳಾತ್ತ್ ಮಾರಾಯ. ನಾ ಇದನ್ನೇ ಕಲ್ತ್ಕಂಡ್ ಬಂದ್ ನಿಂಗೆ..."

"ಅದೇ ನಾ ಹೇಳುದ್. ನನ್ ಬಾಯಿ ನಿನ್ ಪರೀಕ್ಷೆ ಅಲ್ಲ." ಅವನು ಸಿಟ್ಟಿನಿಂದ ಹೇಳಲಿಲ್ಲ. ಅಕ್ಕನಿಗೆ ನೋವಾಗುತ್ತದೆಂದು ಗೊತ್ತಿದ್ದೇ, ಹೇಳಲೇಬೇಕೆಂದು ಹೇಳಿದ. "ನಂಗೆ ಕನ್ನಡಿ ಕಾಂಬ್ಕೆ ಬೇಜಾರಿಲ್ಲೆ. ನಿಂಗೆ ಓದ್ಕ್ ಅಂದ್ರೆ ನೀ ಓದ್. ನನ್ ಹೆಸ್ರ್ ಹೇಳ್ಬೇಡ."

ವಿಜೇತಾ ಅಂದು ಮಧ್ಯಾಹ್ನದ ಬಸ್ಸಿಗೇ ಮಂಗಳೂರಿಗೆ ಹಿಂತಿರುಗಿದಳು. ದಾರಿಯುದ್ದಕ್ಕೂ ತಮ್ಮನ ಮೇಲೆ ಕೋಪ. ಹಾಸ್ಟೆಲಿಗೆ ಬಂದ ಮೇಲೆ ಕೋಪ ಇಳಿದು ಹೆದರಿಕೆ ಹುಟ್ಟಿತು. ಇಷ್ಟು ವರ್ಷ ಯಾರು ಕೇಳಿದರೂ ತಮ್ಮನಿಗಾಗಿ ಎಂಬ ಉತ್ತರ ಅವಳ ಹತ್ತಿರ ಸಿದ್ಧವಿತ್ತು. ಈಗ ಆ ಉತ್ತರವನ್ನು ಅವನು ಕಿತ್ತುಕೊಂಡಿದ್ದ. ಮಾರನೆಯ ದಿನ ಆರ್ಥೋ ವಿಭಾಗದಲ್ಲಿ ಅವಳ ಮುಂದೆ ಕೂತದ್ದು ಪರಿಚಯವೇ ಇಲ್ಲದ ಒಬ್ಬ ಹುಡುಗಿ, ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ತಾಗದವಳು. ಅವಳ ಹಲ್ಲಿನ ಅಚ್ಚು ತೆಗೆದು, ಕೈಯಲ್ಲಿ ಹಿಡಿದು, ಇದು ಯಾಕೆ ಹೀಗಾಯಿತು, ನಾಲಗೆ ಎಲ್ಲಿ ಒತ್ತುತ್ತಿದೆ ಎಂದು ನೋಡುತ್ತ ನೋಡುತ್ತ ವಿಜೇತಾಳಿಗೆ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ಆಗ ಅವಳಿಗೆ ಸಮಾಧಾನವಾಯಿತು. ಈ ಆಸೆ ತಮ್ಮನಿಂದ ಬಂದದ್ದಿರಬಹುದು, ಆದರೆ ಈಗ ಅದು ತನ್ನದೇ.

ಬಿಡಿಎಸ್ ಮುಗಿಯಿತು. ಎಂಡಿಎಸ್ ಪ್ರವೇಶಕ್ಕೆ ಬರೆದ ಮೊದಲ ಪರೀಕ್ಷೆಯಲ್ಲಿ ಅವಳ ರ‍್ಯಾಂಕು ಆರ್ಥೋದ ಹತ್ತಿರಕ್ಕೂ ಬರಲಿಲ್ಲ. ದೇಶದಲ್ಲೆಲ್ಲ ಎಲ್ಲರೂ ಕೇಳುವ ವಿಭಾಗ ಅದು. ಮೇಲಿನವರು ಅದನ್ನೇ ಆರಿಸಿಕೊಂಡು ಮುಗಿದ ಮೇಲೆ ಉಳಿದದ್ದು ಕೆಳಗಿನವರಿಗೆ. ವಿಜೇತಾ ಸಿಕ್ಕಿದ್ದನ್ನು ತೆಗೆದುಕೊಳ್ಳದೆ ಊರಿಗೆ ಬಂದು, ಕೋಟದಲ್ಲಿ ಡಾಕ್ಟರ್ ಗೌರೀಶರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಓದು, ಹಗಲು ಕ್ಲಿನಿಕ್, ಮತ್ತೆ ಓದು.

ಗೌರೀಶ್ ಸಾಲಿಗ್ರಾಮದವರು, ಮೂವತ್ತು ವರ್ಷದಿಂದ ಹಲ್ಲು ಕಿತ್ತು, ಹಲ್ಲು ತುಂಬಿ, ಹಲ್ಲು ಕಟ್ಟಿ ಊರಿಗೇ ಬೇಕಾದವರು. ವಿಜೇತಾಳ ಕೆಲಸ ಅವರಿಗೆ ಹಿಡಿಸಿತು. ಒಂದು ದಿನ ಚಾ ಕುಡಿಯುವಾಗ ಹೇಳಿದರು: "ಹೆಣ್ಣೇ, ನೀ ಎಂತಕ್ಕೆ ಆ ಪರೀಕ್ಷೆಗೆ ತಲೆ ಕೊಡ್ತೆ? ಈಗ ಆರ್ಥೋಕ್ಕೆ ಸಣ್ಣ ಸಣ್ಣ ಕೋರ್ಸ್ ಬತ್ತ್. ವಾರದ ಕೊನೆಗೆ ಹೋಯಿ ಕಲ್ತ್ಕಂಡ್ ಬಾ. ಇಲ್ಲೇ ತಂತಿ ಹಾಕುಕೆ ಶುರು ಮಾಡುವ. ಕೋಟದಂಗೆ ಹಲ್ಲ್ ವಕ್ರ ಇದ್ದವ್ರಿಗೆ ಬರ ಇಲ್ಲೆ."

ಕಾನೂನಿಗೆ ವಿರುದ್ಧವಾದ ಮಾತಲ್ಲ ಅದು. ಹಾಗೆ ಮಾಡಿ ಚೆನ್ನಾಗಿ ಕೆಲಸ ಮಾಡುವವರೂ ಇದ್ದರು. ವಿಜೇತಾ ಯೋಚಿಸಿ ಹೇಳುತ್ತೇನೆ ಅಂದಳು. ನಿಜವಾಗಿಯೂ ಯೋಚಿಸಿದಳು. ಮತ್ತೊಮ್ಮೆ ಪರೀಕ್ಷೆ, ಮತ್ತೊಮ್ಮೆ ಕಾಯುವುದು, ಮನೆಗೆ ಬರುತ್ತಿದ್ದ ಮದುವೆಯ ಸಂಬಂಧಗಳು, ಎಲ್ಲಕ್ಕೂ ಆ ಸಣ್ಣ ಕೋರ್ಸು ಒಂದು ಉತ್ತರವಾಗಿತ್ತು.

ಅಷ್ಟರಲ್ಲಿ ಕ್ಷಮಾ ಬಂದಳು.

ಕ್ಷಮಾ ಪಿಯು ಓದುತ್ತಿದ್ದ ಹುಡುಗಿ. ಮುಂದಿನ ಎರಡು ಮೇಲ್ಹಲ್ಲು ಅಲುಗಾಡುತ್ತಿವೆ ಎಂದು ಅವಳ ತಂದೆ ಕರೆದುಕೊಂಡು ಬಂದಿದ್ದರು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಒಂದು ಹುಳುಕೂ ಇಲ್ಲ. ಆದರೂ ಆ ಎರಡು ಹಲ್ಲು ಒಸಡಿನಿಂದ ಕೆಳಕ್ಕೆ ಜಾರಿ ಉದ್ದವಾಗಿ ಕಾಣುತ್ತಿದ್ದವು. ಮುಟ್ಟಿದರೆ ಮುಲುಗುಟ್ಟುತ್ತಿದ್ದಳು. ಗೌರೀಶ್ ನೋಡಿದರು, ಎಕ್ಸ್‌ರೇ ತೆಗೆಸಿದರು. ಬೇರುಗಳ ಸುತ್ತ ಮೂಳೆ ಸವೆದಿತ್ತು, ಕಾರಣ ಸಿಗಲಿಲ್ಲ. ವಿಜೇತಾ ತಂದೆಯನ್ನು ಹೊರಗೆ ಕೂರಲು ಹೇಳಿ ಬಾಗಿಲು ಎಳೆದುಕೊಂಡಳು.

"ಕ್ಷಮಾ, ಮುಂಚೆ ಈ ಎರಡ್ ಹಲ್ಲಿನ್ ಮಧ್ಯ ಸಂದ್ ಇದ್ದಿತ್ತಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು.

"ಈಗ ಇಲ್ಲೆ. ಹ್ಯಾಂಗ್ ಹೋಯ್ತ್?"

ಕ್ಷಮಾ ಮುಚ್ಚಿದ ಬಾಗಿಲ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಯೂಟ್ಯೂಬಂಗೆ ಕಂಡದ್ದ್. ಜಡೆ ತುದಿಗೆ ಹಾಕುವ ಸಣ್ಣ ರಬ್ಬರ್ ಎರಡ್ ಹಲ್ಲಿಗ್ ಸೇರ್ಸಿ ಹಾಕ್ದೆ. ವಾರದಂಗೆ ಸಂದ್ ಹೋಯ್ತ್."

"ರಬ್ಬರ್ ಎಲ್ಲಿತ್ತ್ ಈಗ?"

"ಬಿದ್ದ್ ಹೋಯ್ತ್ ಅಂದ್ಕಂಡೆ."

ಅದು ಬಿದ್ದಿರಲಿಲ್ಲ. ಹಲ್ಲಿನ ಬೇರು ಮೇಲಕ್ಕೆ ಹೋದಂತೆ ಸಪೂರ. ಆ ರಬ್ಬರು ಜಾರುತ್ತ ಜಾರುತ್ತ ಒಸಡಿನೊಳಗೆ ಹೊಕ್ಕು, ತಿಂಗಳುಗಟ್ಟಲೆ ಒಳಗಿಂದೊಳಗೆ ಮೂಳೆ ಸವೆಸಿತ್ತು. ಮರಗಟ್ಟಿಸಿ ಒಸಡು ಬಿಡಿಸಿದಾಗ, ಬೇರಿನ ತುದಿಯ ಹತ್ತಿರ ಕಪ್ಪು ದಾರದಂತೆ ಕಂಡಿತು. ಗೌರೀಶ್ ದೀಪ ಹಿಡಿದುಕೊಂಡರು, ವಿಜೇತಾ ಅದನ್ನು ಕತ್ತರಿಸಿ ಹೊರಗೆ ತೆಗೆದಳು. ಹಲ್ಲುಗಳನ್ನು ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟಿದರು. ಅಲ್ಲಿಂದ ಮುಂದೆ ಏನು ಮಾಡಬೇಕು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಹಲ್ಲನ್ನು ಮತ್ತೆ ಮೇಲಕ್ಕೆ ಸರಿಸಬಹುದೇ, ಎಷ್ಟು ಬಲದಲ್ಲಿ, ಯಾವಾಗ? ಫೋನಿನಲ್ಲಿ ವಿನಯಾ ಹೇಳಿದ್ದನ್ನು ವಿಜೇತಾ ಅರ್ಧ ಅರ್ಥ ಮಾಡಿಕೊಂಡಳು. ಹುಡುಗಿಯನ್ನು ಅವರ ಹತ್ತಿರ ಕಳಿಸಿದರು. ಕೊನೆಗೆ ಎರಡರಲ್ಲಿ ಒಂದು ಹಲ್ಲು ಉಳಿಯಿತು.

"ಸರ್," ಅಂದಳು ವಿಜೇತಾ ಆ ವಾರವೇ, "ಆ ಸಣ್ಣ ಕೋರ್ಸ್ ನಂಗೆ ಬೇಡ. ಇನ್ನೊಂದ್ ಸಲ ಪರೀಕ್ಷೆ ಬರಿತೆ."

ಗೌರೀಶ್ ವಾದ ಮಾಡಲಿಲ್ಲ. "ಹಾಂಗಾರೆ ಮಧ್ಯಾಹ್ನದ್ ಮೇಲೆ ಕ್ಲಿನಿಕ್ಕಿಗೆ ಬರ್ಬೇಡ. ಕೂಕಂಡ್ ಓದ್," ಅಂದರು.

ಎರಡನೆಯ ಪರೀಕ್ಷೆಯ ದಿನ ಮಂಗಳೂರಿನ ಕೇಂದ್ರಕ್ಕೆ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ಕೀರ್ತನ್. ಅವನೀಗ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ. ಮೀಸೆ ಬಿಟ್ಟಿದ್ದ. ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತಿತ್ತು, ಬಂದರಿನ ಗದ್ದಲದಲ್ಲಿ ಯಾರಿಗೂ ಅದರ ಗೊಡವೆಯಿರಲಿಲ್ಲ. ಗೇಟಿನ ಹತ್ತಿರ ಅವಳನ್ನು ಇಳಿಸಿ, "ಸಿಗ್ದಿರೆ ಗಂಗೊಳ್ಳಿಗ್ ಬಾ. ಇಂಜಿನ್ ಬಿಚ್ಚುಕೆ ಕಲ್ಸ್ತೆ. ಅಲ್ಲಿ ರ‍್ಯಾಂಕ್ ಕೇಂತಿಲ್ರ್," ಅಂದ. ಅವಳು ನಗುತ್ತಲೇ ಒಳಗೆ ಹೋದಳು.

ಈ ಸಲ ರ‍್ಯಾಂಕು ಚೆನ್ನಾಗಿತ್ತು. ಆದರೂ ಆರ್ಥೋ ಗಡಿಯ ಆಚೆಯೇ ಇತ್ತು. ರಾಜ್ಯದ ಎರಡನೇ ಸುತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಮಂಗಳೂರಿನಲ್ಲೇ, ಮಕ್ಕಳ ಹಲ್ಲಿನ ವಿಭಾಗ. ಒಳ್ಳೆಯ ಸೀಟು, ಯಾರೂ ಬೇಡವೆನ್ನದಂಥದ್ದು. ಒಂದೇ ತೊಡಕೆಂದರೆ, ಅದಕ್ಕೆ ಸೇರಿದರೆ ಅಖಿಲ ಭಾರತ ಕೋಟಾದ ಕೊನೆಯ ಸುತ್ತಿಗೆ ಹೋಗುವಂತಿಲ್ಲ. ಸೇರದಿದ್ದರೆ ಇದು ಕೈ ಬಿಟ್ಟಂತೆ, ಆ ಸುತ್ತಿನಲ್ಲಿ ಏನು ಸಿಗುತ್ತದೆಂದು ಹೇಳುವವರಿಲ್ಲ. ಏನೂ ಸಿಗದೆಯೂ ಹೋಗಬಹುದು.

ವಿಜೇತಾ ಬಿಡುತ್ತೇನೆ ಅಂದಳು.

ಚಂದಯ್ಯ ಜಗಲಿಯಲ್ಲಿ ಕೂತು ಸ್ಯಾಕ್ಸೊಫೋನಿನ ಕೀಲಿಗಳನ್ನು ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ. "ಸಿಕ್ಕಿದ್ದನ್ನ್ ಬಿಡುದಾ? ಎಷ್ಟ್ ಜನ ಇದಕ್ಕೆ ಕಾಯ್ತಾ ಇದ್ರ್ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತ್ ಅಪ್ಪಯ್ಯ. ಅವ್ರಿಗೆ ಸಿಗ್ಲಿ."

"ಕೀರ್ತನಂದೇ ತಲೆಯಂಗೆ ಇಟ್ಕಂಡ್..."

"ಕೀರ್ತನಂಗೂ ಇದಕ್ಕೂ ಸಂಬಂಧ ಇಲ್ಲೆ. ನಂಗೆ ಬೇಕಾದ್ದ್ ಅದೊಂದೇ. ಬೇರೆದ್ದಕ್ಕೆ ಹೋದ್ರೆ ನಾ ಜೀವನ ಇಡೀ ಪಕ್ಕದ್ ಕೋಣಿ ಬಾಗಿಲ್ ಕಾಣ್ತಾ ಇರ್ತೆ."

ಚಂದಯ್ಯ ಒಳಗೆ ನೋಡಿ ಹೆಂಡತಿಯನ್ನು ಕರೆದ. ಜಲಜ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದಳು, ಇಬ್ಬರ ಮುಖವನ್ನೂ ನೋಡಿದಳು. "ನಂಗ್ ಅದೆಲ್ಲ ಅರ್ಥ ಆತಿಲ್ಲೆ," ಅಂದಳು. "ಆದ್ರೆ ಈ ಹೆಣ್ಣ್ ಇವತ್ತಿನವರೆಗೆ ಸುಮ್ನೆ ಹಟ ಮಾಡ್ದ್ ನಾ ಕಾಣ್ಲಿಲ್ಲೆ."

ವಿಜೇತಾ ವಿನಯಾರಿಗೂ ಫೋನ್ ಮಾಡಿದಳು. ಭೇಷ್ ಅನ್ನುತ್ತಾರೆ ಎಂಬ ಆಸೆಯಿತ್ತು. ಅವರು "ನಾನಾದರೆ ಸೇರ್ತಿದ್ದೆ ವಿಜೇತಾ. ಸುಳ್ಳು ಹೇಳುವುದಿಲ್ಲ," ಅಂದರು. ಆ ಮಾತು ತಂದೆಯ ಮಾತಿಗಿಂತ ಹೆಚ್ಚು ಚುಚ್ಚಿತು. ಫೋನ್ ಇಟ್ಟು ಹೊಳೆಯ ದಂಡೆಗೆ ಹೋಗಿ ನಿಂತಳು. ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ತನ್ನ ಪರವಾಗಿ ಇನ್ನು ಯಾರೂ ಹೇಳುವುದಿಲ್ಲ ಎಂದು ಖಚಿತವಾದ ಮೇಲೆ, ವಿಚಿತ್ರವೆಂದರೆ, ಮನಸ್ಸು ಹಗುರಾಯಿತು. ಸೇರುವ ಕೊನೆಯ ದಿನ ಅವಳು ಎಂದಿನಂತೆ ಕೋಟಕ್ಕೆ ಹೋಗಿ, ಒಬ್ಬ ಮುದುಕರ ದವಡೆಹಲ್ಲು ಕಿತ್ತು, ಇನ್ನೊಬ್ಬರಿಗೆ ಬೇರಿನ ಚಿಕಿತ್ಸೆ ಮಾಡಿ ಬಂದಳು. ಸೀಟು ಹೋಯಿತು.

ಆಮೇಲಿನ ವಾರಗಳು ಸುಲಭದವಲ್ಲ. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ, ಎತ್ತದಿರುವುದೇ ಭಾರವಾಗಿತ್ತು. ಕೊನೆಯ ಸುತ್ತಿಗೆ ಆಯ್ಕೆ ತುಂಬುವಾಗ ವಿಜೇತಾ ದೇಶದಲ್ಲಿ ಎಲ್ಲೆಲ್ಲಿ ಆರ್ಥೋ ಉಳಿದಿದೆಯೋ ಅದನ್ನೆಲ್ಲ ಬರೆದಳು. ಬೇರೆ ಯಾವ ವಿಭಾಗವನ್ನೂ ಬರೆಯಲಿಲ್ಲ.

ಫಲಿತಾಂಶ ಬಂದಾಗ ಅವಳು ಕ್ಲಿನಿಕ್ಕಿನಲ್ಲಿ ಕೈಗವಸು ಹಾಕಿಕೊಂಡಿದ್ದಳು. ಗೌರೀಶರೇ ಅವಳ ಫೋನಿನಲ್ಲಿ ನೋಡಿ ಹೇಳಿದರು: ನಾಗಪುರ, ಸರ್ಕಾರಿ ಕಾಲೇಜು, ಆರ್ಥೊಡಾಂಟಿಕ್ಸ್. ಯಾರೋ ಬಿಟ್ಟುಹೋದ ಸೀಟು. ವಿಜೇತಾ ಮುಂದಿದ್ದ ಹಲ್ಲಿಗೆ ಸಿಮೆಂಟು ತುಂಬಿ ಮುಗಿಸಿ, ರೋಗಿಯನ್ನು ಕಳಿಸಿ, ಕೈ ತೊಳೆದುಕೊಂಡು, ನಲ್ಲಿಯ ಮುಂದೆಯೇ ನಿಂತು ಅತ್ತಳು.

ಪನ್ವೇಲಿನಲ್ಲಿ ಗಾಡಿ ಬದಲಿಸಿ ನಾಗಪುರ ಮುಟ್ಟುವವರೆಗೆ ಜಲಜ ಮಗಳ ಜೊತೆಗಿದ್ದಳು. ಮುಂಬಯಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮರಾಠಿ ಅವಳ ನಾಲಗೆಯಿಂದ ಹೋಗಿರಲಿಲ್ಲ. ಹಾಸ್ಟೆಲಿನ ಆಫೀಸಿನಲ್ಲಿ ಮೇಲಿನ ಮಾಳಿಗೆಯ ಕೋಣೆ ಕೊಟ್ಟಾಗ, ಬೇಸಿಗೆಗೆ ಅಲ್ಲಿ ಬೇಯುತ್ತದೆಂದು ಚಾಳಿನ ಮರಾಠಿಯಲ್ಲಿ ವಾದಿಸಿ ಕೆಳಗಿನ ಕೋಣೆ ಕೊಡಿಸಿದಳು. ಬೀಳ್ಕೊಡುವಾಗ ಎರಡೇ ಮಾತು ಕಲಿಸಿದಳು: ಬಾಯಿ ತೆರೆಯಿರಿ ಎಂಬುದು, ನೋಯುತ್ತಿದೆಯಾ ಎಂಬುದು. "ಉಳ್ದದ್ದ್ ಅವ್ರೇ ಕಲ್ಸ್ತ್ರ್," ಅಂದಳು.

ಅಲ್ಲಿಯ ಮೂರು ವರ್ಷ ವಿಜೇತಾ ಮಲಗಿದ್ದು ಕಡಿಮೆ. ಮೊದಲ ತಿಂಗಳುಗಳಲ್ಲಿ ನಿಜವಾದ ಬಾಯಿ ಮುಟ್ಟುವಂತೆಯೇ ಇಲ್ಲ. ಮೇಣದಲ್ಲಿ ನೆಟ್ಟ ಹಲ್ಲುಗಳಿಗೆ ತಂತಿ ಕಟ್ಟಿ, ಬಿಸಿನೀರಲ್ಲಿ ಅದ್ದಿ, ಹಲ್ಲು ಸರಿಯುವುದನ್ನು ನೋಡಿ ಕಲಿಯಬೇಕು. ತಪ್ಪಾದರೆ ಮೇಣ ಕರಗಿಸಿ ಮೊದಲಿಂದ ಶುರು. ಆಮೇಲೆ ರೋಗಿಗಳು ಬಂದರು, ದೂರದ ಕಾಡುಹಳ್ಳಿಗಳಿಂದ ಹಿಂದಿನ ದಿನವೇ ಹೊರಟು ಬಂದವರು. ವಿಭಾಗದ ಹಿರಿಯರು ಹೊಗಳುತ್ತಿರಲಿಲ್ಲ, ಬೈಯುವುದು ಮಾತ್ರ ಧಾರಾಳ. ಒಮ್ಮೆ ಚಿಕಿತ್ಸೆಯ ನಡುವೆ ಒಬ್ಬ ಹುಡುಗ ಬರುವುದನ್ನು ನಿಲ್ಲಿಸಿದ. ಜೊತೆಯವರು ಬೇಜವಾಬ್ದಾರಿ ಎಂದರು. ವಿಜೇತಾ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಿನಗೆ ಇನ್ನೂ ಬೇಕೆನಿಸುತ್ತದೆಯಾ ಎಂದು ಕೇಳಿದಳು. ಬೇಕು, ಆದರೆ ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಎಂದ ಅವನು. ಮುಗಿದ ಮೇಲೆ ಬಂದ.

ಎಂಡಿಎಸ್ ಮುಗಿಸಿ ವಿಜೇತಾ ಊರಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಅವಳದ್ದೇ ಕ್ಲಿನಿಕ್ ಇನ್ನೂ ಇಲ್ಲ. ವಾರದಲ್ಲಿ ಎರಡು ದಿನ ಬ್ರಹ್ಮಾವರ, ಎರಡು ದಿನ ಕುಂದಾಪುರ, ಒಂದು ದಿನ ಬೈಂದೂರು ಎಂದು ಬೇರೆಯವರ ಕ್ಲಿನಿಕ್ಕುಗಳಿಗೆ ಹೋಗಿ ಹಲ್ಲಿನ ಸಾಲು ಸರಿಪಡಿಸುವ ಕೆಲಸ ಮಾಡುತ್ತಾಳೆ. ಮುಂಚೆ ಇದಕ್ಕೆ ಮಂಗಳೂರಿಗೆ ಹೋಗುತ್ತಿದ್ದವರಲ್ಲಿ ಕೆಲವರಾದರೂ ಈಗ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ.

ಕಳೆದ ತಿಂಗಳು ಬೈಂದೂರಿನ ಕ್ಲಿನಿಕ್ಕಿಗೆ ಮನೋರಮಾ ಟೀಚರ್ ಬಂದರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಜೊತೆಗೆ ಸೊಸೆ ಮತ್ತು ಮೊಮ್ಮಗಳು. ವಿಜೇತಾ ಮೊಮ್ಮಗಳನ್ನು ಕುರ್ಚಿಗೆ ಕರೆದಳು.

"ಅದಕ್ಕಲ್ಲ ಡಾಕ್ಟ್ರೇ," ಅಂದರು ಟೀಚರ್. "ನಂಗೆ."

ಸೊಸೆ ನೆಲ ನೋಡಿದಳು. "ನಾವ್ ಬೇಡ ಅಂದ್ರೂ ಕೇಂತಿಲ್ರ್," ಎಂದಳು ಮೆಲ್ಲಗೆ.

ಮನೋರಮಾ ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮಾತಾಡುವಾಗ ಎಡಗೈ ತಾನಾಗಿಯೇ ಬಾಯಿಯ ಹತ್ತಿರ ಬರುತ್ತಿತ್ತು. "ನೌಕ್ರಿ ಇಡೀ ಬಾಯಿಗ್ ಸೆರಗ್ ಅಡ್ಡ ಹಿಡ್ಕಂಡೇ ಪಾಠ ಮಾಡಿದ್ದೆ. ಮದ್ವೆ ಫೋಟೋದಂಗೂ ಬಾಯಿ ಮುಚ್ಕಂಡೇ ಇದ್ದೆ. ಈ ಪ್ರಾಯಕ್ಕೆ ಆತ್ತಾ ಇಲ್ಯಾ, ಅದೊಂದ್ ಹೇಳಿ. ಆತಿಲ್ಲೆ ಅಂದ್ರೆ ಈಗಳೇ ಎದ್ದ್ ಹೋತೆ."

ವಿಜೇತಾ ದೀಪ ಎಳೆದುಕೊಂಡಳು. ಒಸಡು ಗಟ್ಟಿಯಾಗಿತ್ತು, ರಕ್ತ ಜಿನುಗಲಿಲ್ಲ. ಒಂದೊಂದೇ ಹಲ್ಲನ್ನು ಬೆರಳಲ್ಲಿ ಒತ್ತಿ ನೋಡಿದಳು, ಯಾವುದೂ ಅಲುಗಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಬೇಕಾದಷ್ಟಿತ್ತು.

"ಆತ್ತ್ ಟೀಚರ್," ಅಂದಳು. "ಆದ್ರೆ ಮಕ್ಳಿಗಿಂತ ಮೆಲ್ಲ ಮಾಡ್ಕ್. ಎರಡ್ ವರ್ಷಕ್ಕೂ ಮೇಲೆ ಹೋಯ್ಲಕ್ಕ್. ಮಧ್ಯ ನೋವಿರತ್ತ್, ಚಕ್ಕುಲಿ ತಿಂಬುಕಾಗ."

"ಚಕ್ಕುಲಿ ಬಿಟ್ಟೆ," ಅಂದರು ಟೀಚರ್. "ಶುರು ಮಾಡಿ."

ಮೊಮ್ಮಗಳು ಅಜ್ಜಿಯ ಬ್ಯಾಗು ಹಿಡಿದುಕೊಂಡು ಹತ್ತಿರ ಬಂದು ನಿಂತಳು. ವಿಜೇತಾ ಅಚ್ಚಿನ ಪುಡಿಗೆ ನೀರು ಹಾಕಿ ಕಲಸತೊಡಗಿದಳು.